ಕಂಬಳಿ ನೇಯುವಜ್ಜಿಯ ಹಲ್ಲು

ಗ್ರಂಥಾಲಯದ ನೆಲಮಾಳಿಗೆ,
ಮಂಗಳವಾರ, ಮಾರ್ಚ್ ೧೧, ಊಟದ ಬಿಡುವು

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಮೇಲೆ ಸೊಂಟ ಹೇಗಿದೆ? ಅಣ್ಣನನ್ನು ಕೇಳಿದರೆ "ಚೆನ್ನಾಗಿದ್ದಾರೆ, ಚೆನ್ನಾಗಿ ನಡೀತಿದ್ದಾರೆ" ಅನ್ನುತ್ತಾನೆ. ಅವನ ‘ಚೆನ್ನಾಗಿ’ಯನ್ನು ನಾನು ಚಿಕ್ಕಂದಿನಿಂದಲೂ ನಂಬಿದವಳಲ್ಲ, ಗಣಿತದಲ್ಲಿ ಫೇಲಾದ ದಿನವೂ ಅವನು ಹಾಗೇ ಹೇಳಿಕೊಂಡು ಮನೆಯೊಳಗೆ ಬಂದಿದ್ದ. ಹಾಗಾಗಿ ನೀವೇ ಬರೆಯಿರಿ. ಮಂಚದಿಂದ ಏಳುವಾಗ ಈಗಲೂ ಉಸಿರು ಬಿಗಿಹಿಡಿಯುತ್ತೀರಾ? ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಟ್ಟು ಗೋಡೆ ಸವರಿಕೊಂಡು ಓಡಾಡುತ್ತೀರೆಂದು ಅತ್ತಿಗೆ ಹೇಳಿದರು. ಅದನ್ನು ಮಾತ್ರ ನಂಬಿದೆ. ಇಲ್ಲಿ ಅಮ್ಮ ಆರಾಮಾಗಿದ್ದಾಳೆ. "ಅಲ್ಲಿ ನಂಗೆ ನಿದ್ದೆ ಬರಲ್ಲ" ಎಂದು ನೆಪ ಹೇಳಿ ನಿಮ್ಮ ಜೊತೆ ಅಣ್ಣನ ಮನೆಗೆ ಬರದೆ ನಮ್ಮ ಮನೆಯಲ್ಲೇ ನನ್ನ ಹತ್ತಿರ ಉಳಿದಳಲ್ಲ, ಇಲ್ಲೂ ಅವಳು ನಿದ್ದೆ ಮಾಡುತ್ತಿರುವ ಹಾಗೆ ಕಾಣುವುದಿಲ್ಲ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅಣ್ಣನ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ನಡುವೆ ಇಟ್ಟುಬಿಡುತ್ತಾರೆ. ನಾನು ಇಲ್ಲಿ ಕೆಮ್ಮಿದರೆ ಅಲ್ಲಿ ಪಕ್ಕದ ಮನೆಯವರು ಔಷಧಿ ಹೇಳುತ್ತಾರೆ. ಇದು ಮೇಜಿನ ನಡುವೆ ಇಡುವಂಥ ವಿಷಯವಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರಿನ ಕೆಳಗೆ ‘ಖಾಸಗಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಅತ್ತಿಗೆ, ಒಂದು ವೇಳೆ ನೀವು ಒಡೆದು ಓದುತ್ತಿದ್ದರೆ ನಿಮಗೆ ನಮಸ್ಕಾರ. ಇಲ್ಲಿಗೆ ನಿಲ್ಲಿಸಿ ಅಪ್ಪನ ಕೈಗೆ ಕೊಟ್ಟುಬಿಡಿ.

ನಿಮ್ಮ ರೀಲುಗಳ ಸರದಿ ಕೊನೆಗೂ ಬಂತು ಅಪ್ಪಾ. ನೀವು ಭಾಷಾ ವಿಭಾಗದ ವ್ಯಾನಿನಲ್ಲಿ ಊರೂರು ಸುತ್ತಿ ಮುದುಕ ಮುದುಕಿಯರ ಮಾತು ಹಿಡಿದು ತಂದದ್ದೆಲ್ಲ ಇಷ್ಟು ವರ್ಷ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಕೂತಿತ್ತು. ಮಗಳು ಅಪ್ಪನ ಕೆಲಸಕ್ಕೆ ಮೊದಲು ಕೈ ಹಾಕಿದಳು ಎಂದು ಯಾರೂ ಅನ್ನಬಾರದೆಂದು ಬೇರೆಯವರದ್ದೆಲ್ಲ ಮುಗಿಸಿ ನಿಮ್ಮದಕ್ಕೆ ಬಂದೆ. ನಮ್ಮ ಕೋಣೆ ನಿಮಗೆ ಗೊತ್ತೇ ಇದೆ. ಕಿಟಕಿಯಿಲ್ಲ, ಬೇಸಿಗೆಯಲ್ಲೂ ಸ್ವೆಟರ್ ಬೇಕು, ಮೂಲೆಯಲ್ಲಿ ತೇವ ಹೀರುವ ಯಂತ್ರ ಹಗಲಿಡೀ ಗೊರಕೆ ಹೊಡೆಯುತ್ತದೆ. ಟೇಪಿನ ಕೆಲಸ ನನ್ನದು. ಫಿಲ್ಮಿನ ಕೆಲಸ ಪಕ್ಕದ ಮೇಜಿನವಳದು. ಹಳೆಯ ಫಿಲ್ಮು ಕೊಳೆಯಲು ಶುರುವಾದರೆ ಹುಳಿ ವಾಸನೆ ಬರುತ್ತದೆ. ಪ್ರತಿ ಡಬ್ಬಿಯನ್ನೂ ಮುಚ್ಚಳ ತೆಗೆದು ಮೂಸಿ ನೋಡುವುದು ಅವಳ ಅಭ್ಯಾಸ, ಹಾಗಾಗಿ ಅವಳನ್ನು ‘ಮೂಗು’ ಎಂದೇ ಕರೆಯುತ್ತೇವೆ. ಕರೆದರೆ ಓ ಅನ್ನುತ್ತಾಳೆ, ಬೇಸರವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಂಬಳಿ ನೇಯುವಜ್ಜಿ ನೆನಪಿದ್ದಾಳಲ್ಲ? ಮರೆಯುವುದು ಹೇಗೆ, ನೀವು ತರಗತಿಯಲ್ಲಿ ಕೇಳಿಸುತ್ತಿದ್ದುದೇ ಅವಳನ್ನು. ನಾನೂ ಅವಳ ಮಾತು ಕೇಳಿಯೇ ಬೆಳೆದವಳು. "ಸಂತೆಗೆ ಹೋದ ಮಗ ಸಂಜೆಯಾದ್ರೂ ತಿರುಗಿ ಬರ್ಲಿಲ್ಲ, ದೀಪ ಹಿಡ್ಕೊಂಡು ದಾರಿಗೆ ಇಳಿದೆ" ಎಂದು ಶುರುವಾಗುವ ಆ ಮಾತು ಬಂದಾಗ ನಿಮ್ಮ ವಿದ್ಯಾರ್ಥಿಗಳು ಪೆನ್ನು ಕೆಳಗಿಡುತ್ತಿದ್ದರಂತೆ. ಅದೇ ದಿನ ನೀವು ಚಾವಿ ಕೊಡುವ ಪುಟ್ಟ ಕ್ಯಾಮೆರಾದಲ್ಲಿ ಅವಳ ಚಿತ್ರವನ್ನೂ ತೆಗೆದಿದ್ದಿರಿ, ಮಾತಿಲ್ಲದ ಚಿತ್ರ. ಅದು ಯಾರಿಗೂ ನೆನಪಿರಲಿಲ್ಲ. ಮೂಗು ಡಬ್ಬಿ ಮೂಸಿ, "ಇದು ಇನ್ನೂ ಬದುಕಿದೆ" ಎಂದು ಸಂತೋಷಪಟ್ಟು ಕಂಪ್ಯೂಟರಿಗೆ ಇಳಿಸಿಕೊಟ್ಟಳು. ಚಿತ್ರ ಅವಳ ಕಡೆಯಿಂದ, ಧ್ವನಿ ನನ್ನ ಕಡೆಯಿಂದ, ಎರಡನ್ನೂ ಕೂಡಿಸಿದರೆ ಅಜ್ಜಿ ಎದುರಿಗೆ ಕೂತು ಮಾತಾಡಿದ ಹಾಗಿರುತ್ತದೆ ಎಂದು ನನಗೆ ಆಸೆಯಾಯಿತು. ಮುಂದಿನ ತಿಂಗಳು ಈ ಕೋಣೆಗೆ ನಿಮ್ಮ ಹೆಸರಿಡುವ ದಿನ ತೋರಿಸಿ ನಿಮ್ಮನ್ನು ಬೆರಗುಗೊಳಿಸಬೇಕು ಎಂದುಕೊಂಡಿದ್ದೆ.

ಕೂಡಲಿಲ್ಲ. ತುಟಿ ಒಂದು ಕಡೆ, ಮಾತು ಒಂದು ಕಡೆ. ಚಾವಿ ಕ್ಯಾಮೆರಾದ ವೇಗ ಒಂದೇ ಸಮ ಇರುವುದಿಲ್ಲ, ಅದಕ್ಕೇ ಇರಬೇಕೆಂದು ಎಳೆದೆ, ಕುಗ್ಗಿಸಿದೆ, ಎಲ್ಲೆಲ್ಲೋ ಕೂರಿಸಿದೆ. ಮೂಗು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದವಳು ಮೆಲ್ಲಗೆ ಅಂದಳು: "ಅಲ್ಲ ಕಣೇ, ಈ ಅಜ್ಜಿ ಬಾಯಲ್ಲಿ ಹಲ್ಲೇ ಇಲ್ವಲ್ಲ." ಚಿತ್ರ ನಿಲ್ಲಿಸಿ ನೋಡಿದೆ. ಮೇಲೊಂದು, ಕೆಳಗೊಂದು, ಅದೂ ಎದುರುಬದುರಲ್ಲ. ಮಾತಾಡುವಾಗ ತುಟಿಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಆ ಬಾಯಿಂದ ‘ಸಂತೆ’ಯ ಸಕಾರ ಹಾಗೆ ಸೀಳಿಕೊಂಡು ಹೊರಡುವುದು ಸಾಧ್ಯವೇ? ಟೇಪಿನಲ್ಲಿ ಒಂದೊಂದು ಅಕ್ಷರವೂ ತೊಳೆದಿಟ್ಟ ಲೋಟದಂತಿದೆ. ಸಾಲದ್ದಕ್ಕೆ ಚಿತ್ರದಲ್ಲಿ ಅವಳು ಅರ್ಧ ಹೊತ್ತು ನಗುತ್ತಲೇ ಇದ್ದಾಳೆ, ಮೈಯೆಲ್ಲ ಕುಲುಕಿಸಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು. ಟೇಪಿನಲ್ಲಿ ನಗುವೇ ಇಲ್ಲ.

ಆಗ ನಾನು ನಿಮ್ಮನ್ನು ಅನುಮಾನಿಸಲಿಲ್ಲ ಅಪ್ಪಾ, ಆಣೆ ಮಾಡಿ ಹೇಳುತ್ತೇನೆ. ಮೊದಲು ನನ್ನ ಯಂತ್ರವನ್ನು ಅನುಮಾನಿಸಿದೆ. ಆಮೇಲೆ ಮೂಗನ್ನು. ಡಬ್ಬಿ ಬದಲಾಯಿಸಿಟ್ಟಿದ್ದಾಳೆ, ತಪ್ಪು ಮುಚ್ಚಿಕೊಳ್ಳಲು ನನಗೇ ಹಲ್ಲಿನ ಕಥೆ ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳು ಚಹಾಕ್ಕೆ ಎದ್ದಾಗ ಅವಳ ಕಪಾಟನ್ನು ಹುಡುಕಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ನನಗೆ ಕಂಡಿರಲಿಲ್ಲ. "ಏನಾದ್ರೂ ಕಳ್ದಿದ್ಯಾ?" ಎಂದು ಕೇಳಿದಳು. ಆ ದಿನದಿಂದ ಅವಳು ತನ್ನ ಕಪಾಟಿಗೆ ಬೀಗ ಹಾಕಲು ಶುರುಮಾಡಿದಳು. ಪಕ್ಕಪಕ್ಕದಲ್ಲೇ ಕೂತು ಒಬ್ಬರ ಕೈ ಮೇಲೆ ಒಬ್ಬರು ಕಣ್ಣಿಡುವ ಗತಿ ಬಂತು.

ಡಬ್ಬಿ ಬದಲಾಗಿರಲಿಲ್ಲ. ನಿಮ್ಮ ಕೈಬರಹ, ಅದೇ ದಿನ, ಅದೇ ಊರು. ಆದರೆ ನನ್ನ ಟೇಪಿನ ಡಬ್ಬಿ ಹಳೆಯದು, ಒಳಗಿನ ಟೇಪು ಆಮೇಲೆ ಬಂದ ಜಾತಿಯದು. ಅದು ನನಗೆ ಬೆರಳಲ್ಲಿ ಹಿಡಿದರೇ ಗೊತ್ತಾಗುತ್ತದೆ. ಮತ್ತೆ ಕಿವಿಗೆ ಹಾಕಿಕೊಂಡು ಕೂತೆ, ಈ ಸಲ ಅಜ್ಜಿಯ ಮಾತನ್ನು ಬಿಟ್ಟು ಮಾತಿನ ಹಿಂದಿರುವುದನ್ನು ಕೇಳಲು. ಮಗ್ಗದ ಸದ್ದಿಲ್ಲ, ಕೋಳಿಯಿಲ್ಲ, ಗಾಳಿಯಿಲ್ಲ. ಗುಂಯ್ ಎನ್ನುವ ಒಂದು ಫ್ಯಾನ್ ಮಾತ್ರ. ದೋಣಿಯವನ ತಾಯಿಯ ಟೇಪು ತೆಗೆದೆ: ಹೊಳೆ ದಂಡೆಯ ಮೇಲೆ ಕೂತು ಹೇಳಿದ್ದೆಂದು ಬರೆದಿದ್ದೀರಿ, ನೀರಿನ ಸದ್ದೇ ಇಲ್ಲ, ಅದೇ ಫ್ಯಾನು. ಇಟ್ಟಿಗೆ ಗೂಡಿನ ವಿಧವೆಯ ಟೇಪು ತೆಗೆದೆ: ಅದೇ ಫ್ಯಾನು. ಆಮೇಲೆ ಮೂವರೂ ವಾಕ್ಯದ ಕೊನೆಯಲ್ಲಿ ಒಂದೇ ರೀತಿ ಉಸಿರು ತೆಗೆದುಕೊಳ್ಳುವುದು ಕೇಳಿಸಿತು, ಮೂಗಿನಿಂದ, ಚಿಕ್ಕದಾಗಿ. ಒಬ್ಬಳು ಗೊಗ್ಗರು ದನಿಯಲ್ಲಿ, ಒಬ್ಬಳು ತೆಳ್ಳಗೆ, ಒಬ್ಬಳು ಅಳುತ್ತಾ. ಆದರೆ ಉಸಿರು ಒಬ್ಬಳದೇ. ಹೆಡ್‌ಫೋನ್ ತೆಗೆದಿಟ್ಟೆ. ಇಷ್ಟು ವರ್ಷ ಎಷ್ಟು ಜನ ಈ ಟೇಪುಗಳನ್ನು ನಂಬಿ ಬರೆದರು! ಈಗಲೂ ಒಬ್ಬರು ಬರೆಯುತ್ತಿದ್ದಾರೆ. ನಿಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಮೇಷ್ಟ್ರು ದಿನಾ ಬಂದು ಈ ಮೂವರ ಉಚ್ಚಾರಣೆಯ ಮೇಲೆ ಪುಸ್ತಕ ಸಿದ್ಧ ಮಾಡುತ್ತಿದ್ದಾರೆ. "ನಿಮ್ಮ ತಂದೆಯವರು ಬಂಗಾರ ಬಿಟ್ಟು ಹೋಗಿದ್ದಾರಮ್ಮ" ಎಂದು ನನಗೇ ಹೇಳುತ್ತಾರೆ. ನೀವು ಇನ್ನೂ ಇದ್ದೀರಿ ಎಂದು ಎರಡು ಸಲ ತಿದ್ದಿದೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಆದರೆ ಆ ದನಿ ಯಾರದೆಂದು ಅಮ್ಮನಿಗೆ ಗೊತ್ತಿರದೆ ಇರುತ್ತದೆಯೇ? ಕಳೆದ ವಾರ ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ, ಏನೂ ಅರಿಯದವಳ ಹಾಗೆ ನನ್ನ ಫೋನಿನಲ್ಲಿ ಇಟ್ಟಿಗೆ ಗೂಡಿನ ವಿಧವೆಯನ್ನು ಹಾಕಿದೆ. ಅಮ್ಮ ನಿಮ್ಮ ಟೇಪುಗಳನ್ನು ಯಾವತ್ತೂ ಕೇಳುತ್ತಿರಲಿಲ್ಲ. ನೀವು ಮನೆಯಲ್ಲಿ ಹಾಕಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಬೇಸರಕ್ಕೆ ಎಂದುಕೊಂಡಿದ್ದೆ. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಚಾಕು ನಿಂತಿತು. "ಆರಿಸು ಅದನ್ನ" ಅಂದಳು. ಯಾಕಮ್ಮ ಎಂದೆ. "ಆ ರೇಡಿಯೋದವಳು ಸತ್ತ ಮೇಲೂ ನನ್ನ ಅಡುಗೆಮನೇಗೆ ಬರ್ಬೇಕಾ?"

ರೇಡಿಯೋ ನಾಟಕಗಳಲ್ಲಿ ಮುದುಕಿಯರ ಪಾತ್ರ ಮಾಡುತ್ತಿದ್ದ ಆ ನಟಿ. ಒಂದಿಡೀ ಮಳೆಗಾಲ ನೀವು ದಿನಾ ಸಂಜೆ ತಡವಾಗಿ ಬರುತ್ತಿದ್ದಿರಂತೆ, ಕೇಳಿದರೆ "ಕೆಲಸ" ಅನ್ನುತ್ತಿದ್ದಿರಂತೆ. ಯಾರೋ ಬಂದು, ಸ್ಟುಡಿಯೋದಲ್ಲಿ ನೀವಿಬ್ಬರೇ ಬಾಗಿಲು ಹಾಕಿಕೊಂಡು ಕೂತಿರುತ್ತೀರಿ ಎಂದು ಅಮ್ಮನ ಕಿವಿಗೆ ಹಾಕಿದರಂತೆ. ಅವಳು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದ ದಿನ ನೀವು ಊಟ ಬಿಟ್ಟಿರಂತೆ. ಇದನ್ನೆಲ್ಲ ಅಮ್ಮ ಚೂರು ದನಿ ಏರಿಸದೆ, ಹೆಚ್ಚುವ ಕೆಲಸ ಮತ್ತೆ ಶುರುಮಾಡಿಕೊಂಡು ಹೇಳಿದಳು. "ನೀನು ಕೇಳ್ಲಿಲ್ವಾ?" ಎಂದೆ. "ಕೇಳಿ ಏನು, ಇನ್ನೊಂದು ಸುಳ್ಳು ಕೇಳಿಸ್ಕೊಳ್ಳೋದಾ?" ಅಂದಳು.

ನಿಜ ಹೇಳುತ್ತೇನೆ, ಅವತ್ತು ನಿಮ್ಮ ಮೇಲೆ ನನಗೆ ಎಲ್ಲ ರೀತಿಯ ಅನುಮಾನವೂ ಒಟ್ಟಿಗೇ ಬಂತು. ಯಾರಿಗೋ ಒಲಿದು, ಅವಳ ದನಿ ಉಳಿಸಲು ಇಲ್ಲದ ಮುದುಕಿಯರನ್ನು ಕಟ್ಟಿದಿರೇ ಎಂದುಕೊಂಡೆ. ಹಾಗಾದರೆ ಚಿತ್ರದಲ್ಲಿರುವ ಅಜ್ಜಿ ಯಾರು? ತಿಳಿದವರೆಂದರೆ ನಿಮ್ಮ ವ್ಯಾನಿನ ಡ್ರೈವರ್ ಮಾವ ಒಬ್ಬರೇ. ಭಾನುವಾರ ಅವರ ಮನೆಗೆ ಹೋದೆ. ಈಗ ಮಗಳ ಮನೆಯ ಮೇಲ್ಮಹಡಿಯಲ್ಲಿದ್ದಾರೆ, ಕಣ್ಣು ಮಂಜು, ಆದರೆ ನನ್ನ ಹೆಜ್ಜೆ ಸದ್ದಿಗೇ "ಮೇಷ್ಟ್ರ ಮಗಳಾ?" ಎಂದರು. ಸುತ್ತಿ ಬಳಸದೆ ಕೇಳಿದೆ. "ನಾನು ಸಾಯೋಕೆ ಮುಂಚೆ ಯಾರಾದ್ರೂ ಕೇಳ್ತಾರೆ ಅಂತ ಗೊತ್ತಿತ್ತು. ನೀನು ಅಂತ ಮಾತ್ರ ಗೊತ್ತಿರ್ಲಿಲ್ಲ" ಅಂದರು.

ಮುದುಕಿಯರು ಮೂವರೂ ನಿಜ ಎಂದರು. ಕಂಬಳಿ ನೇಯುವಜ್ಜಿ ಯಂತ್ರ ನೋಡಿ ಅದರೊಳಗೆ ಯಾರನ್ನು ಕೂರಿಸಿದ್ದೀರಿ ಎಂದು ಕೇಳಿ ಕೇಳಿ ನಕ್ಕಳಂತೆ. ಅವರ ಮೂರು ಟೇಪುಗಳನ್ನು ನೀವು ವಿಭಾಗದ ಉಗ್ರಾಣದಲ್ಲಿ ಇಟ್ಟಿರಿ, ಮಾಳಿಗೆ ಸೋರಿತು, ರಜೆ ಮುಗಿಸಿ ಬಾಗಿಲು ತೆಗೆದಾಗ ಡಬ್ಬಿಗಳೊಳಗೆ ನೀರು ಇಳಿದು ಟೇಪುಗಳು ಬೂಸ್ಟು ಹಿಡಿದಿದ್ದವು. ಸುರುಳಿ ಸುರುಳಿಗೇ ಅಂಟಿಕೊಂಡಿತ್ತು. ನೀವು ಆ ಟೇಪುಗಳನ್ನು ವ್ಯಾನಿನ ಸೀಟಿನ ಮೇಲೆ ಹರಡಿಕೊಂಡು ಅತ್ತಿರಂತೆ. "ಮೇಷ್ಟ್ರು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ" ಎಂದರು ಮಾವ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು, ಗೂಡು ಮುಚ್ಚಿ ವಿಧವೆ ಎಲ್ಲಿಗೋ ಹೋಗಿದ್ದಳು, ದೋಣಿಯವನ ತಾಯಿಗೆ ಮಾತು ನಿಂತಿತ್ತು. ವಿಶ್ವವಿದ್ಯಾಲಯದವರು ಕೆಲಸದ ಲೆಕ್ಕ ಕೇಳುವ ದಿನ ಹತ್ತಿರ ಬಂದಿತ್ತು. ನಿಮ್ಮ ಹತ್ತಿರ ಉಳಿದದ್ದು ಅವರ ಮಾತನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಂಡ ಹಾಳೆಗಳು. ಆ ನಟಿ ಮೊದಲು ಒಪ್ಪಲಿಲ್ಲವಂತೆ. "ಸತ್ತೋರ ಮಾತು ನಾನಾಡಿದ್ರೆ ಅದು ನಾಟಕ ಆಗುತ್ತೆ ಸಾರ್" ಎಂದಳಂತೆ. ನೀವು ಮತ್ತೆ ಮತ್ತೆ ಹೋಗಿ ಬೇಡಿಕೊಂಡಿರಿ. ಸ್ಟುಡಿಯೋದಲ್ಲಿ ನೀವಿಬ್ಬರೇ ಇರಲಿಲ್ಲ. ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ಮಾವನೂ ಇದ್ದರು, ಕೆಮ್ಮಬಾರದೆಂದು ಬಾಯಿಗೆ ಟವೆಲ್ ಹಿಡಿದುಕೊಂಡು. ಬೇರೆ ಏನೂ ನಡೆಯಲಿಲ್ಲ ಎಂದು ಕೇಳದೆಯೇ ಹೇಳಿದರು. ಕೇಳದೆ ಹೇಳಿದ್ದರಿಂದ ನನಗೆ ಒಂದು ಕ್ಷಣ ಅದರ ಮೇಲೂ ಅನುಮಾನ ಬಂತು. ನನ್ನ ಬುದ್ಧಿ ಈಗ ಹೀಗಾಗಿದೆ ಅಪ್ಪಾ, ಯಾರಾದರೂ ಗಂಟೆ ಎಷ್ಟು ಎಂದು ಹೇಳಿದರೂ ಗಡಿಯಾರ ನೋಡುತ್ತೇನೆ.

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ಮಡಚಿದ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ನಿನ್ನೆ ನಾನು ಗ್ರಂಥಪಾಲಕರ ಕೋಣೆಗೆ ಹೋಗಿ ಹೇಳಿಬಿಟ್ಟೆ. ನಿಮ್ಮನ್ನು ಕೇಳದೆ ಹೇಳಿದ್ದು ನಿಮಗೆ ನೋವಾಗಬಹುದು. ಕೇಳಿದ್ದರೆ ಹೇಳುತ್ತಿರಲಿಲ್ಲ ಎಂಬ ಭಯಕ್ಕೇ ಕೇಳಲಿಲ್ಲ. ಆ ಮೂರು ಟೇಪುಗಳ ವಿವರದಲ್ಲಿ ನನ್ನ ಕೈಯಾರೆ ಸೇರಿಸಿದೆ: ಮೂಲ ಧ್ವನಿ ನೀರಿಗೆ ಹಾಳಾದ ಮೇಲೆ, ಬರೆದಿಟ್ಟ ಮಾತುಗಳನ್ನು ನಟಿಯೊಬ್ಬರಿಂದ ಮತ್ತೆ ಆಡಿಸಿದ್ದು. ಮಾತು ಅವರದು, ದನಿ ಅವರದಲ್ಲ. ಗ್ರಂಥಪಾಲಕರು ಕನ್ನಡಕ ತೆಗೆದು ಒರೆಸಿ, "ಹೆಸರಿಡೋ ಕಾರ್ಯಕ್ರಮ ಸ್ವಲ್ಪ ದಿನ ತಡೆಯೋಣಮ್ಮ" ಎಂದರು. ಆಮೇಲೆ ಕೆಳಗೆ ನಮ್ಮ ಕೋಣೆಗೆ ಬಂದ ಪುಸ್ತಕದ ಮೇಷ್ಟ್ರ ಮುಖ ನೋಡಲಾಗಲಿಲ್ಲ. ಪುಸ್ತಕ ಅಚ್ಚಾಗುವ ತನಕ ಸುಮ್ಮನಿರಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. "ತಂದೆ ಮೇಲೆ ನಿಮಗೇನಾದ್ರೂ ಸಿಟ್ಟಿದ್ಯಾ?" ಎಂದರು. ಮೂಗು ನನ್ನ ಪರವಾಗಿ ಎದ್ದು ನಿಂತು ಅವರಿಗೆ ಬಾಗಿಲು ತೋರಿಸಿದಳು. ಆಮೇಲೆ ತನ್ನ ಕಪಾಟಿನ ಬೀಗ ತೆಗೆದು ಚೀಲಕ್ಕೆ ಹಾಕಿಕೊಂಡಳು. ನಾನು ಕ್ಷಮೆ ಕೇಳಿದೆ. "ಆಯ್ತು ಬಿಡು, ನಿನ್ನ ಡಬ್ಬಿ ನಾನೂ ತೆಗೆದು ನೋಡಿದ್ದೆ" ಅಂದಳು.

ಸಿಟ್ಟಿಲ್ಲ ಅಪ್ಪಾ. ಆದರೆ ಒಂದು ಪ್ರಶ್ನೆ ಕೊರೆಯುತ್ತಲೇ ಇದೆ. ಆ ಮುದುಕಿಯರ ಮಾತು ಉಳಿಯಲೆಂದು ಹೀಗೆ ಮಾಡಿದಿರೋ, ನಿಮ್ಮ ಹೆಸರು ಉಳಿಯಲೆಂದೋ? ಮೊದಲನೆಯದಾದರೆ ಡಬ್ಬಿಯ ಮೇಲೆ ಒಂದು ಸಾಲು ಬರೆಯಲು ಏನಾಗಿತ್ತು? ಎರಡೂ ಇದ್ದಿರಬಹುದು ಎಂದು ಡ್ರೈವರ್ ಮಾವ ಹೇಳುತ್ತಾರೆ. ನಿಮ್ಮ ಬಾಯಿಂದ ಕೇಳಬೇಕು. ಇನ್ನೊಂದು: ಒದ್ದೆಯಾದ ಆ ಟೇಪುಗಳನ್ನು ಎಸೆಯಲು ಕೈ ಬರದೆ ನೀವೇ ಒಣಗಿಸಿ ಮನೆಗೆ ಒಯ್ದಿರಿ ಎಂದರು ಮಾವ. ಅವು ಎಲ್ಲಿವೆ? ಸುಟ್ಟುಬಿಟ್ಟಿರಾ? ಆಗ ಅವು ಸತ್ತ ಟೇಪುಗಳೇ. ಈಗ ಹಾಗಲ್ಲ. ಒಣಗಿದ ಬೂಸ್ಟನ್ನು ಮೆತ್ತಗೆ ತೆಗೆದು, ಅಂಟಿದ ಸುರುಳಿಯನ್ನು ಇಂಚಿಂಚಾಗಿ ಬಿಡಿಸಿ ಕೇಳುವ ಕೆಲಸವನ್ನೇ ನಾವು ಇಲ್ಲಿ ಮಾಡುವುದು. ಇದ್ದರೆ ದಯವಿಟ್ಟು ಹೇಳಿ. ಸುಳ್ಳು ಮಾತ್ರ ಬೇಡ.

ಮಾತ್ರೆ ಊಟವಾದ ಮೇಲೆ ತೆಗೆದುಕೊಳ್ಳಿ, ಮುಂಚೆಯಲ್ಲ. ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ, ಎರಡಕ್ಕೂ, ಆಪರೇಷನ್ ಆದ ಕಡೆಯದಕ್ಕೆ ಸ್ವಲ್ಪ ಹಗುರವಾಗಿ.

ನಿಮ್ಮ ಮಗಳು

ಮತ್ತೆ: ಸಂಜೆ ಮನೆಗೆ ಬಂದು ಲಕೋಟೆ ಅಂಟಿಸಲು ಕೂತಿದ್ದೆ, ಅಮ್ಮ ತನ್ನ ಕೋಣೆಯಿಂದ ಒಂದು ತಗಡಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಅವಳ ಮದುವೆಯ ಟ್ರಂಕಿನ ಅಡಿಯಲ್ಲಿ, ಉಣ್ಣೆ ಬಟ್ಟೆಗಳ ಕೆಳಗೆ ಇದ್ದದ್ದು. ನಿಮ್ಮ ರೀಲುಗಳು ಅಪ್ಪಾ, ಮೂರೂ. ನೀವು ಆ ಮಳೆಗಾಲದಲ್ಲಿ ಅಟ್ಟದ ಮೇಲೆ ಬಚ್ಚಿಟ್ಟಿದ್ದನ್ನು ನೋಡಿ, ಅದರಲ್ಲಿರುವುದು ರೇಡಿಯೋದವಳ ದನಿಯೇ ಎಂದುಕೊಂಡು ಎತ್ತಿಟ್ಟುಕೊಂಡಳಂತೆ. "ಒಂದಿನ ಕೇಳ್ತಾರೆ, ಆಗ ಮುಖದ ಮೇಲೆ ಎಸೀತೀನಿ ಅಂತ ಇಟ್ಕೊಂಡಿದ್ದೆ. ಕೇಳ್ಲೇ ಇಲ್ಲ" ಅಂದಳು. ನೀವು ಯಾಕೆ ಕೇಳಲಿಲ್ಲ? ಕಾಣೆಯಾದದ್ದು ಗೊತ್ತಾಗಲಿಲ್ಲವೇ, ಗೊತ್ತಾಗಿ ನೆಮ್ಮದಿಯಾಯಿತೇ? ಬೂಸ್ಟು ಒಣಗಿ ಪುಡಿಯಾಗಿದೆ, ಟೇಪು ಮುರಿದಿಲ್ಲ. ಎಷ್ಟು ಮಾತು ಉಳಿದಿದೆಯೋ ಗೊತ್ತಿಲ್ಲ. ಒಂದಿಷ್ಟು ಇದೆ ಎಂದು ನನ್ನ ಬೆರಳು ಹೇಳುತ್ತಿದೆ. ನಾಳೆಯೇ ಒಯ್ಯುತ್ತೇನೆ ಎಂದರೆ ಅಮ್ಮ ಪೆಟ್ಟಿಗೆಯ ಮೇಲಿಂದ ಕೈ ತೆಗೆಯುತ್ತಿಲ್ಲ. ನೀವು ಬರಬೇಕಂತೆ. ನಿಮ್ಮ ಪಕ್ಕದಲ್ಲಿ ಕೂತು ಅವಳೇ ಮೊದಲು ಕೇಳಬೇಕಂತೆ, ಅದರಲ್ಲಿ ಯಾರಿದ್ದಾರೆ ಎಂದು. ಡಾಕ್ಟರು ಪ್ರಯಾಣಕ್ಕೆ ಒಪ್ಪಿದ ದಿನವೇ ಹೊರಡಿ. ಊರುಗೋಲು ತನ್ನಿ.